ನಮ್ಮ ಕ್ರೀಡಾ ಕುಟುಂಬ ಮತ್ತು ಪುಟ್ಟಮ್ಮನ ಲೋಟ

ಭಾನುವಾರದ ಪುರವಣಿಯಲ್ಲಿ ದೊಡ್ಡ ಆಟಗಾರರ ಮನೆಯ ಪರಿಚಯ ಬರುತ್ತದಲ್ಲ, ಅದನ್ನು ಓದಿ ಕಣ್ಣೀರು ಹಾಕುವ ದುರಭ್ಯಾಸ ನನಗಿದೆ. ಎಲ್ಲವೂ ಒಂದೇ ಅಚ್ಚಿನವು ಎಂದು ಗೊತ್ತು. ಅಪ್ಪ ಕತ್ತಲಲ್ಲೇ ಎದ್ದು ಮಗನನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಕರೆದೊಯ್ದಿರುತ್ತಾನೆ, ಅಮ್ಮ ಬಾದಾಮಿ ನೆನೆಹಾಕಿರುತ್ತಾಳೆ. ಕೊನೆಯ ಪ್ಯಾರಾದಲ್ಲಿ ತಪ್ಪದೆ ಮನೆಗೆಲಸದವರು ಬರುತ್ತಾರೆ. 'ಅವರು ಕೆಲಸದವರಲ್ಲ, ನಮ್ಮ ಮನೆಯವರೇ' ಎಂದು ಯಜಮಾನರು ಹೇಳುತ್ತಾರೆ. ಪಕ್ಕದ ಫೋಟೋದಲ್ಲಿ ಮನೆಯವರೆಲ್ಲ ಸೋಫಾದ ಮೇಲಿರುತ್ತಾರೆ, ಈ ಒಬ್ಬ ಮನೆಯವರು ಮಾತ್ರ ಬಾಗಿಲಿಗೆ ಒರಗಿ ನಿಂತಿರುತ್ತಾರೆ. ಅದು ಕಾಣುತ್ತಿದ್ದರೂ ಆ ಪ್ಯಾರಾ ಬಂದಾಗ ನಾನು ಕರವಸ್ತ್ರ ಹುಡುಕುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನ ನಮ್ಮ ಮನೆಗೇ ಅಂಥ ಯೋಗ ಬಂತು. ಮಗಳು ಸುಧಾ ಬಾಲ್ ಬ್ಯಾಡ್ಮಿಂಟನ್‌ನಲ್ಲಿ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ನಾನೂ ಕಾಲೇಜಿನಲ್ಲಿ ಆಡಿದವನೇ. ನೆಟ್ ಕಟ್ಟುವುದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಬಾರದಿದ್ದರಿಂದ ಮೂರು ವರ್ಷ ತಂಡದಲ್ಲಿ ಉಳಿದಿದ್ದೆ. ಇಷ್ಟರ ಮೇಲೆ ಮೈಸೂರಿನ ಒಂದು ಪತ್ರಿಕೆಯವರು ನಮ್ಮನ್ನು ಕ್ರೀಡಾ ಕುಟುಂಬವೆಂದು ತೀರ್ಮಾನಿಸಿ, ಬರುತ್ತೇವೆಂದು ಫೋನ್ ಮಾಡಿದರು.

ನಾನು ಬಾದಾಮಿ ತಂದೆ, ಸ್ಕೂಟರ್ ಒರೆಸಿದೆ. ಉಳಿದದ್ದು ಕೊನೆಯ ಪ್ಯಾರಾ. ಅದಕ್ಕೆ ನಮ್ಮಲ್ಲಿ ಪುಟ್ಟಮ್ಮನಿದ್ದಳು. ಮೂಗೂರಿನಲ್ಲಿ ಹುಟ್ಟಿ, ಮದುವೆಯಾಗಿ ನಂಜನಗೂಡಿಗೆ ಬಂದವಳು. ಸುಧಾ ತೊಟ್ಟಿಲಲ್ಲಿದ್ದಾಗಿನಿಂದ ನಮ್ಮ ಮನೆಯ ಪಾತ್ರೆ, ಬಟ್ಟೆ ಅವಳದ್ದೇ. ನಾನು ತಾಂಡ್ಯದ ಕಾರ್ಖಾನೆಯ ಆಫೀಸಿನಲ್ಲಿ ಕುಳಿತು ಬಹಳ ದಣಿಯುತ್ತಿದ್ದೆ. ಆದ್ದರಿಂದ ಬೆಳಿಗ್ಗೆ ಐದೂವರೆಗೆ ಸುಧಾಳನ್ನು ಮೈದಾನಕ್ಕೆ ಕರೆದೊಯ್ಯುವವಳೂ, ಜಾಲಿಬೇಲಿಗೆ ಬಿದ್ದ ಉಲ್ಲನ್ ಚೆಂಡಿನ ಮುಳ್ಳು ಕಿತ್ತು ವಾಪಸು ಎಸೆಯುವವಳೂ ಅವಳೇ ಆಗಿದ್ದಳು. ಆಮೇಲೆ ಬಂದು ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದಳು. ಅವಳಿಗೆಂದೇ ಒಂದು ಸೊಟ್ಟ ಸ್ಟೀಲ್ ಲೋಟ ಹಿತ್ತಲ ಕಿಟಕಿಯ ಮೇಲೆ ಬೋರಲಾಗಿ ಇರುತ್ತಿತ್ತು. ಅದು ನನ್ನ ಅಮ್ಮನ ಕಾಲದ ಏರ್ಪಾಡು. ಅಮ್ಮ ತೀರಿಕೊಂಡ ಮೇಲೂ ಲೋಟ ಅಲ್ಲೇ ಇತ್ತು. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ, ಉತ್ತರ ನನಗೆ ಗೊತ್ತಿತ್ತು.

"ಪುಟ್ಟಮ್ಮ, ನಾಳೆ ಪೇಪರಿನವರು ಬಂದಾಗ ನೀನೂ ನಮ್ಮ ಜೊತೆ ಸೋಫಾದ ಮೇಲೆ ಕೂತ್ಕೋಬೇಕು" ಎಂದೆ.

"ಯಾಕ್ ಸಾಮಿ, ಮುಸುರೆ ಯಾರ್ ತಿಕ್ಕೋರು?" ಎಂದಳು.

ವರದಿಗಾರ ಬಂದ. ಪುಟ್ಟಮ್ಮ ಸೋಫಾದ ತುದಿಯಲ್ಲಿ, ಬಸ್ಸು ಬಂದರೆ ಏಳಬೇಕು ಎನ್ನುವವಳಂತೆ ಕುಳಿತಳು. ನಾನು ಗಂಟಲು ಸರಿಮಾಡಿಕೊಂಡು, "ಇವರು ಕೆಲಸದವರಲ್ಲ, ನಮ್ಮ ಮನೆಯವರೇ" ಎಂದೆ. ವರದಿಗಾರ ಬರೆದುಕೊಂಡ. ನನಗೆ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ನನ್ನ ಹೆಂಡತಿ ಶಾರದಾ ಕಾಫಿ ತಂದು, ತಟ್ಟೆಯನ್ನು ಪುಟ್ಟಮ್ಮನ ಮುಂದೂ ಹಿಡಿದಳು.

"ತಡೀರವ್ವಾ, ನನ್ ಲ್ವಾಟ ತತ್ತೀನಿ" ಎಂದು ಪುಟ್ಟಮ್ಮ ಎದ್ದು ಹೋದಳು. ಹಿತ್ತಲಿಂದ ಸೊಟ್ಟ ಲೋಟ ತಂದು, ಶಾರದಾಳ ಕೈ ತಗಲದ ಹಾಗೆ ಕೆಳಗೆ ಹಿಡಿದು, ಮೇಲಿನಿಂದ ಹುಯ್ಯಿಸಿಕೊಂಡಳು. ದಿನವೂ ನಡೆಯುವ ಕ್ರಮ ಅದು. ಬಾಗಿಲ ಹತ್ತಿರವೇ ನಿಂತು ಕುಡಿದಳು. ವರದಿಗಾರನ ಪೆನ್ನು ನಿಂತಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಕೊನೆಗೆ ಆತನೇ ಪಾಪ, ಮಾತು ಬದಲಿಸಿ, "ಬೆಳಿಗ್ಗೆ ಪ್ರ್ಯಾಕ್ಟೀಸಿಗೆ ಮಗಳನ್ನ ಕರ್ಕೊಂಡು ಹೋಗೋರು ಯಾರು ಸಾರ್?" ಎಂದ.

"ನಾನೇ" ಎಂದುಬಿಟ್ಟೆ. ಸುಧಾ ತಲೆ ತಗ್ಗಿಸಿದಳು. ಶಾರದಾ ನನ್ನನ್ನೇ ನೋಡಿದಳು. ಆತ ಪುಟ್ಟಮ್ಮನ ಕಡೆ ತಿರುಗಿದ.

"ಊ ಕಣ್ ಸಾ" ಎಂದಳು ಪುಟ್ಟಮ್ಮ. "ಸಾಮ್ಯಾರೇ ಎದ್ದು ಕರ್ಕೊಂಡೋಯ್ತಾರೆ. ಚಳಿ ಮಳೆ ಅನ್ನಕಿಲ್ಲ."

ಮಾನ ಉಳಿಸಲು ಸುಳ್ಳು ಹೇಳುವುದು ಮನೆಯವರು ಮಾಡುವ ಕೆಲಸ. ಅವತ್ತು ನನಗೆ ಅವಳ ಮೇಲೆ ಪ್ರೀತಿ ಬಂತು, ನನ್ನ ಮೇಲೆ ನಾಚಿಕೆ ಬಂತು. ಪತ್ರಿಕೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಬಂತು: ಚಳಿ ಮಳೆ ಎನ್ನದ ತಂದೆ, ಬಾದಾಮಿ, ಕೊನೆಯ ಪ್ಯಾರಾ. ಫೋಟೋದಲ್ಲಿ ಪುಟ್ಟಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

ಮರುದಿನ ಐದೂವರೆಗೆ ಯಾರೋ ನನ್ನ ಕೋಣೆಯ ಬಾಗಿಲು ತಟ್ಟಿದರು.

"ಎದ್ದೇಳಿ ಸಾಮಿ" ಎಂದು ಪುಟ್ಟಮ್ಮನ ದನಿ. "ನೀವೇ ಕರ್ಕೊಂಡೋಯ್ತೀರಿ ಅಂತ ಪೇಪರ್ನಲ್ಲಿ ಬಂದದಂತೆ. ಊರೋರು ನೋಡಕಿಲ್ವಾ?"

ಹೋದೆ. ಜಾಲಿಬೇಲಿ ನನ್ನನ್ನು ಚೆನ್ನಾಗಿ ವಿಚಾರಿಸಿಕೊಂಡಿತು. ಬೆರಳುಗಳ ಮುಳ್ಳು ಕೀಳುತ್ತಾ ಮನೆಗೆ ಬಂದು ಹಿತ್ತಲಲ್ಲಿ ಕೈಕಾಲು ತೊಳೆದರೆ, ಕಿಟಕಿಯ ಮೇಲೆ ಲೋಟ ಇರಲಿಲ್ಲ. ಪುಟ್ಟಮ್ಮ ಅಡುಗೆಮನೆಯ ಹೊಸಿಲ ಮೇಲೆ ಕುಳಿತು, ಮದುವೆಯಲ್ಲಿ ನನ್ನ ಹೆಸರು ಕೊರೆಸಿ ಕೊಟ್ಟಿದ್ದ ದೊಡ್ಡ ಲೋಟದಲ್ಲಿ, ಸಂಕೋಚದಿಂದಲೇ ಕಾಫಿ ಕುಡಿಯುತ್ತಿದ್ದಳು. ಶಾರದಾ ಕೊಟ್ಟರೆ ಅವಳೇನು ಮಾಡಿಯಾಳು. ಅವಳು ಮಾಡಿದ ಕೆಲಸವೆಲ್ಲ ನನ್ನ ಹೆಸರಿನಲ್ಲಿ ಅಚ್ಚಾಗಿರುವಾಗ, ನನ್ನ ಹೆಸರಿನ ಲೋಟ ಅವಳ ಕೈಗೆ ಹೋದದ್ದರಲ್ಲಿ ತಪ್ಪು ಹುಡುಕಲು ನನಗೆ ಬಾಯಿ ಬರಲಿಲ್ಲ.

ಶಾರದಾ ಸೊಟ್ಟ ಲೋಟವನ್ನು ನನ್ನ ಕೈಗಿಟ್ಟಳು. ಎರಡೇ ಗುಟುಕಿಗೆ ಕಾಫಿ ಮುಗಿಯಿತು. ಇಷ್ಟು ವರ್ಷ ಪುಟ್ಟಮ್ಮನಿಗೆ ನಾವು ಕೊಟ್ಟದ್ದು ಅಷ್ಟೇ ಎಂದು ನನಗೆ ತಿಳಿದದ್ದು ಆಗಲೇ.