ಬಿಆರ್‌ಬಿ ಅಂದಮ್ಯಾಲ ಬರಬೇಕ್ರಿ

ನಮ್ಮ ಮನ್ಯಾಗ ಮೊಬೈಲ್‌ನಿಂದ ಒಂದಿಲ್ಲೊಂದು ಫಜೀತಿ ಆಗೂದು ಹೊಸಾದೇನಲ್ಲ. ಆದ್ರ ಈ ವರ್ಷ ಮೂರ ಅಕ್ಷರ ನಮ್ಮನ್ನ ಕುಣಿಸಿದಷ್ಟು ಮತ್ಯಾವ್ದೂ ಕುಣಿಸಿಲ್ಲ ನೋಡ್ರಿ.

ನಾನು ಭಾಗ್ಯನಗರದಾಗ ಬ್ಲೌಸ್ ಹೊಲಿಯೋಕಿ. ಮಷೀನ್ ಮುಂದ ಕುಂತ್ರ ಸಾಕು, ಮೊಬೈಲ್ ಟಿಣ್ ಟಿಣ್ ಅಂತಿರ್ತೈತಿ. "ಎಲ್ಲಾರಿಗೂ ಉತ್ತರ ಬರಕೋಂತ ಕುಂತ್ರ ತೋಳು ಯಾವಾಗ ಹಚ್ಚಲಿ?" ಅಂತ ಒಂದಿನ ಮಗಳ ಮುಂದ ಒದರಾಡಿದೆ. ಆಕಿ ಸಾಲಿ ಟೀಚರ್. "ಬಿಆರ್‌ಬಿ ಅಂತ ಹಾಕವ್ವಾ" ಅಂದ್ಳು.

"ಹಂಗಂದ್ರೇನ?"

"ಬಿ ರೈಟ್ ಬ್ಯಾಕ್. ಚಾಟ್ ಮಾಡ್ತಿರುವಾಗ ನಡುವ ಏನರ ಕೆಲಸ ಬಂದ್ರ, ಎದ್ದು ಹೋಗಿ ಈಗ ಬಂದೆ ಅನ್ನೂದು. ಐದು ಹತ್ತು ನಿಮಿಷದ ಮಾತು."

ನನಗ ಭಾಳ ಛಲೋ ಅನಸ್ತು. ನಮ್ಮ ಕಡೆ ಯಾರರ ‘ಹೋಗ್ತೀನಿ’ ಅಂತಾರೇನ್ರಿ? ಹೊಸ್ತಿಲಾ ದಾಟುವಾಗ ‘ಬರ್ತೀನ್ರಿ’ ಅಂತೀವಿ. ಇಂಗ್ಲಿಷಿನವ್ರೂ ಇಷ್ಟು ಕಲ್ತಾರಲ್ಲ, ಪರವಾಗಿಲ್ಲ ಅನ್ಕೊಂಡೆ.

ಬ್ಯಾಂಕ್ ಮೇಡಂ

ಬ್ಯಾಂಕಿನ್ಯಾಗ ಕೆಲಸ ಮಾಡೋ ಮೇಡಂ ಒಬ್ರು "ಬ್ಲೌಸ್ ಆತೇನ್ರಿ?" ಅಂತ ಬರದ್ರು. ಅವ್ರ ಬಟ್ಟಿ ಇನ್ನಾ ಚೀಲದಾಗನ ಇತ್ತು. ಬಿಆರ್‌ಬಿ ಅಂತ ಹಾಕಿ ಮತ್ತೊಬ್ರ ಬ್ಲೌಸ್ ಹಿಡಕೊಂಡೆ. ಮರುದಿನ ಕೇಳಿದ್ರು, ಮತ್ತ ಬಿಆರ್‌ಬಿ. ಮೂರನೇ ದಿನಾನೂ ಅದ. ನಾಕನೇ ದಿನ ಮೇಡಂ ನನ್ನ ಅಂಗಡಿ ಬಾಗಲದಾಗ ನಿಂತಿದ್ರು.

"ಆರಾಮ ಅದೀರಿಲ್ರಿ?"

"ಅದೀನ್ರಿ ಮೇಡಂ, ಯಾಕ್ರಿ?"

"ನಾಕ್ ದಿನದಿಂದ ಎದ್ದೆದ್ದು ಹೋಗಾಕತ್ತೀರಿ, ತಿರುಗಿ ಬರವಲ್ರಿ. ಹೊಟ್ಟಿ ಕೆಟ್ಟೈತೇನೋ ಅಂತ ಗುಳಿಗಿ ತಂದೀನಿ."

ಅವ್ರ ಎದುರಿಗೇ ಎರಡು ಗುಳಿಗಿ ನುಂಗಿದೆ. ಬಟ್ಟಿ ಕತ್ತರಿಸಿಲ್ಲ ಅನ್ನೋಕಿಂತ ಹೊಟ್ಟಿ ಕೆಟ್ಟೈತಿ ಅನ್ನೂದ ಹಗುರ ಇತ್ರಿ.

ಕುಷ್ಟಗಿ ಅತ್ತಿ

ನನ್ನ ನೋಡಿ ನಮ್ಮ ಮನಿಯವ್ರೂ ಕಲ್ತ್ರು. ಕುಷ್ಟಗಿ ಒಳಗ ಅವ್ರ ಸೋದರಮಾವ ತೀರ್ಕೊಂಡ್ರು, ತೊಂಬತ್ತು ಆಗಿತ್ತು. ಮಣ್ಣು ಕೊಟ್ಟು ಬಂದ್ವಿ. ಸಾವಿನ ಮನಿಯಿಂದ ಏಳುವಾಗ ‘ಬರ್ತೀವಿ’ ಅನ್ನಬಾರ್ದು, ಸುಮ್ನ ಎದ್ದು ಬರಬೇಕು. ಇದು ಸಣ್ಣ ಹುಡುಗರಿಗೂ ಗೊತ್ತೈತಿ. ನಮ್ಮವ್ರೂ ಅಲ್ಲಿಂದ ತುಟಿ ಬಿಚ್ಚದ ಎದ್ದು ಬಂದ್ರು. ಮನಿಗೆ ಬಂದು ಬಳಗದ ಗ್ರೂಪಿನ್ಯಾಗ ಮಾತ್ರ "ಮಾವ ಭಾಳ ದೊಡ್ಡ ಮನುಷ್ಯಾ" ಅಂತ ಬರಿಯಾಕ ಹತ್ತಿದ್ರು. ಅಷ್ಟರಾಗ ನಾನು "ಜಳಕಕ್ಕ ನೀರು ಕಾದಾವ" ಅಂತ ಕೂಗಿದೆ. ಬಿಆರ್‌ಬಿ ಅಂತ ಹಾಕಿ ಬಚ್ಚಲಕ್ಕ ಹೋದ್ರು.

ತಲಿ ಒರಸ್ಕೊಂತ ಬರೂದ್ರಾಗ ಫೋನು. ತೀರಿಕೊಂಡವ್ರ ಅಕ್ಕ, ಇವ್ರಿಗೆ ದೊಡ್ಡವ್ವ, ನನಗ ಅತ್ತಿ ಆಗಬೇಕು. ಆಕಿಗೆ ಮೊಮ್ಮಗಳು ಅರ್ಥ ಬಿಡಿಸಿ ಹೇಳಿದ್ಳಂತ.

"ಎಪ್ಪಾ, ಇಂಥಾ ಮನಿಗೆ ಮತ್ತ ಬರ್ತೀನಿ ಅಂತಾರೇನೋ? ಈ ಮನ್ಯಾಗ ಇನ್ನ ಉಳಿದ ಮುದುಕಿ ನಾನೊಬ್ಬಾಕಿ. ನೀ ಯಾವಾಗ ಬರಾಂವ ಅದೀ ಒಂಚೂರು ಹೇಳು, ಅಷ್ಟರಾಗ ಉಪ್ಪಿನಕಾಯಿ ಹಾಕೂದರ ಮುಗಸ್ತೀನಿ."

ಗಂಗಾವತಿ ಹೋಳಿಗಿ

ಇವೆಲ್ಲಾ ನಗಿ ಮಾತಾತು. ಆದ್ರ ಈ ಹಾಳಾದ ಬಿಆರ್‌ಬಿ ಒಂದಿನ ನನ್ನ ಮಗಳ ಲಗ್ನದ ಮ್ಯಾಲೇ ಬಂದು ಕುಂತಿತು.

ಗಂಗಾವತಿ ಹುಡುಗ. ಸಂಬಂಧಿಕರ ಲಗ್ನದಾಗ ಇಬ್ರೂ ನೋಡ್ಯಾರ, ಇಬ್ರೂ ಒಪ್ಯಾರ. ಮಾತುಕತಿಗೆ ಮೊದಲ ಯಾರ ಮನಿಗೆ ಯಾರು ಹೋಗಬೇಕು ಅನ್ನೂದ ಬಗಿಹರಿವಲ್ದು. "ನಾವ ಮೊದಲ ಹೋದ್ರ ಮಗಳು ಭಾರ ಆಗ್ಯಾಳ ಅಂತಾರ" ಅಂತ ನಮ್ಮವ್ರು. "ನಾವ ಮೊದಲ ಹೋದ್ರ ಹುಡುಗಗ ಹೆಣ್ಣು ಸಿಕ್ಕಿಲ್ಲ ಅಂತಾರ" ಅಂತ ಹುಡುಗನ ಅಪ್ಪ. ಐದು ತಿಂಗಳು ಹಿಂಗ. ಮಗಳು ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ. ಬ್ಯಾರೆ ಹುಡುಗನ ಫೋಟೋ ತೋರಿಸಿದ್ರ ಮಾತ್ರ ಉಣ್ಣೂದು ಬಿಟ್ಟು ಎದ್ದು ಹೋಗ್ತಿದ್ಳು.

ಒಂದು ಐತವಾರ ಮುಂಜಾನಿ ಎರಡೂ ಮನಿಯವ್ರ ಗ್ರೂಪಿನ್ಯಾಗ ಹುಡುಗನ ಅಪ್ಪ ಬರದ್ರು: "ಏನ್ ವಿಚಾರ ಮಾಡೀರಿ? ಯಲಬುರ್ಗಾದವ್ರೂ ಕೇಳಾಕತ್ಯಾರ." ಉತ್ತರ ಬರಿಯೋದ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿತು. ಬಿಆರ್‌ಬಿ ಅಂತ ಹಾಕಿ ಓಡಿದೆ. ಒಲಿ ತಿಕ್ಕಿ, ಅರಬಿ ಒಗದು, ಅಡಗಿಗೆ ಇಟ್ಟೆ. ಗಡಿಬಿಡ್ಯಾಗ ಮೊಬೈಲ್ ಮರತ ಬಿಟ್ಟಿದ್ದೆ.

ಒಂದು ಗಂಟೆಕ್ಕ ಫೋನು. ಹುಡುಗನ ಅಜ್ಜಿ.

"ಎಲ್ಲಿ ಮಟ ಬಂದ್ರವ್ವಾ? ಬರ್ತೀವಿ ಅಂತ ಹಾಕೀರಂತ. ಹೋಳಿಗಿ ಮಾಡೀನಿ. ಬೀಗರು ಬರೂಮಟ ಉಣಬಾರ್ದು ಅಂತ ಹನ್ನೊಂದು ಮಂದಿ ಉಪವಾಸ ಕುಂತಾರ."

ಇಲ್ಲ ಅಂದ್ರ ಸಂಬಂಧ ಅಲ್ಲಿಗೇ ಮುಗೀತು. "ಬಂದ್ವಿ ಅಜ್ಜಿ, ಬಸ್ಸಿನ್ಯಾಗ ಅದೀವಿ" ಅಂದಬಿಟ್ಟೆ. ಅದ ಹೊತ್ತಿಗೆ ನನ್ನ ಕುಕ್ಕರ್ ಸೀಟಿ ಹೊಡೀತು.

"ಅದೇನ ಸಪ್ಪಳಾ?"

"ಕಂಡಕ್ಟರ್ ರೀ ಅಜ್ಜಿ."

ನಮ್ಮವ್ರು ಅರ್ಧ ಗಡ್ಡ ಹೆರಕೊಂಡಿದ್ರು. "ನಾವ್ಯಾಕ ಮೊದಲ..." ಅಂತ ಸುರು ಮಾಡಿದ್ರು. "ಹನ್ನೊಂದು ಮಂದಿ ಹಸದು ಕುಂತಾರ್ರಿ, ಆ ಪಾಪ ಯಾರಿಗೆ?" ಅಂತ ಅಂಗಿ ಮಾರಿಗೆ ಒಗದೆ. ಮಗಳಂತೂ ಆಗಲೇ ಸೀರಿ ಉಟ್ಟು ಬಾಗಲದಾಗ ನಿಂತಿದ್ಳು.

ನಾವು ಹೋಗಿ ಮುಟ್ಟಿದಾಗ ಮೂರು ಹೊಡದಿತ್ತು. ನಾಚಿಕಿಯಿಂದ ತಲಿ ಎತ್ತಲಿಲ್ಲ. ಊಟಕ್ಕ ಕುಂತ್ರ ಅವ್ರ ಮನಿ ಮಂದಿ ಒಂದೊಂದ ತುತ್ತು ಬಾಯಾಗ ಇಟ್ಟು ಸಾಕಂದ್ರು. ಹಸದು ಹಸದು ಹೊಟ್ಟಿ ಸತ್ತೈತಿ ಪಾಪ ಅಂತ ಮತ್ತಷ್ಟು ಸಂಕಟ ಪಟ್ಟೆ. ನಮ್ಮವ್ರು ಅರ್ಧ ಗಡ್ಡದಾಗ ಐದು ಹೋಳಿಗಿ ಹೊಡದ್ರು. ಹುಡುಗನ ಅಪ್ಪ ಅವ್ರ ಗಡ್ಡಾ ನೋಡಿ ನಕ್ರು, ಇವ್ರೂ ನಕ್ರು. ಐದು ತಿಂಗಳಾಗ ಆಗದ ಮಾತು ಹತ್ತು ನಿಮಿಷದಾಗ ಆತು. ಸಕ್ಕರಿ ಹಂಚಿದ್ರು. ಮಗಳ ಮಾರಿ ನೋಡಿ ನನ್ನ ಕಣ್ಣಾಗ ನೀರು ಬಂತ್ರಿ.

ಆದ್ರ ಸುಳ್ಳು ಹೇಳಿದ್ದು ಒಳಗ ಕೊರಿಯಾಕತ್ತಿತ್ತು. ಅಡಗಿ ಮನಿಗೆ ಹೋಗಿ ಅಜ್ಜಿ ಕಾಲು ಹಿಡದೆ.

"ಅಜ್ಜಿ, ಖರೇ ಹೇಳ್ತೀನಿ, ನಾವು ಬರೂದಿರಲಿಲ್ಲ. ಬಿಆರ್‌ಬಿ ಅಂದ್ರ ಹಾಲು ಇಳಿಸಿ ಬಂದೆ ಅಂತ ಅಷ್ಟ್ರಿ."

ಅಜ್ಜಿ ಬಾಗಲಾ ಮುಂದ ಮಾಡಿ ಸಣ್ಣಕ ಅಂದ್ಳು: "ಗೊತ್ತೈತವ್ವಾ. ನಾನೂ ಮೊಮ್ಮಗನ ಸಂಗಾಟ ದಿನಾ ಚಾಟ್ ಮಾಡಾಕಿ. ನಿನ್ನ ಗಂಡ ಬರವಲ್ಲ, ನನ್ನ ಮಗ ಹೋಗವಲ್ಲ. ನಿನ್ನ ಮೆಸೇಜ್ ಕಂಡಿದ್ದ ತಡಾ, ಬೀಗರು ಹೊಂಟಾರಂತ ಒದರಿ ಬ್ಯಾಳಿ ಕುದಿಯಾಕಿಟ್ಟೆ."

"ಅಲ್ಲಜ್ಜಿ, ಅದಕ್ಕಂತ ಹನ್ನೊಂದು ಮಂದೀನ ಉಪವಾಸ ಕುಂದರಸೂದೇನ?"

"ಯಾರ ಉಪವಾಸ? ಹನ್ನೆರಡಕ್ಕ ಎಲ್ಲಾರೂ ಉಂಡಿದ್ರು. ನಿಮಗ ಬಡಿಸಿದ್ದು ಎರಡನೇ ಸಲ ಮಾಡಿದ ಹೋಳಿಗಿ."