ಹೋರಿ ಇರಿಯುವ ದೇವರು, ನಮ್ಮ ಅವ್ವ

ಮನೆ ಕಟ್ಟಿಸಿದವನಿಗೆ ಅದರ ಗೋಡೆಗಳ ಮೇಲೆ ಹಕ್ಕಿರುತ್ತದೆ ಎಂಬುದು ಬರೀ ಭ್ರಮೆ. ಹಿರಿಯೂರಿನ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಎಲ್ಲಿರಬೇಕು, ಗಡಿಯಾರ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವವಳು ನನ್ನ ಹೆಂಡತಿ ಗಿರಿಜೆ. ನಾನು ಮೊಳೆ ಹೊಡೆಯುವವನು. ಹೋದ ವರ್ಷ ಒಂದೇ ಒಂದು ಸಲ ನನಗಿಷ್ಟವಾದ ಚಿತ್ರವೊಂದನ್ನು ತೂಗುಹಾಕಿದೆ. ಅದು ಎರಡು ದಿನವೂ ಗೋಡೆಯ ಮೇಲೆ ಉಳಿಯಲಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಪ್ರಾಚೀನ ರೋಮಿನ ಸಿಪಾಯಿಗಳು ಗುಟ್ಟಾಗಿ ಪೂಜಿಸುತ್ತಿದ್ದ ಮಿತ್ರಾಸ್ ಎಂಬ ದೇವರ ಶಿಲ್ಪದ ಫೋಟೋ ಅದು. ಗುಹೆಯಂಥ ಕತ್ತಲೆ ಗುಡಿಗಳಲ್ಲಿ ದೀಕ್ಷೆ ಪಡೆದ ಗಂಡಸರಷ್ಟೇ ಸೇರಿ ಮಾಡುತ್ತಿದ್ದ ಪೂಜೆ. ಅವರ ಗ್ರಂಥಗಳು ನಮಗೆ ಉಳಿದಿಲ್ಲ; ಉಳಿದಿರುವುದು ಕಲ್ಲು, ಬಣ್ಣ. ಗುಡಿಗುಡಿಯಲ್ಲೂ ಅದೇ ದೃಶ್ಯ: ಟೋಪಿ ತೊಟ್ಟ ತರುಣ ದೇವರು ಹೋರಿಯ ಬೆನ್ನ ಮೇಲೆ ಮಂಡಿಯೂರಿ, ಅದರ ಮೂತಿ ಹಿಡಿದೆತ್ತಿ, ಚೂರಿ ಇಳಿಸುತ್ತಿದ್ದಾನೆ. ನಾಯಿ, ಹಾವು ನೆತ್ತರಿಗೆ ನಾಲಿಗೆ ಚಾಚಿವೆ. ಹೋರಿಯ ಬಾಲದ ತುದಿಯಲ್ಲಿ ಗೋಧಿಯ ತೆನೆ. ಪಾಠಕ್ಕೆಂದು ಚಿತ್ರದುರ್ಗದಲ್ಲಿ ಇದರ ದೊಡ್ಡ ಫ್ಲೆಕ್ಸ್ ಮಾಡಿಸಿದೆ. "ಶುಭ ಕೋರುವವರ ಹೆಸರು ಎಲ್ಲಿ ಹಾಕ್ಲಿ ಸಾರ್?" ಎಂದು ಅಂಗಡಿಯವನು ಕೇಳಿದ. ಯಾರೂ ಕೋರುತ್ತಿಲ್ಲವೆಂದಾಗ ಅವನಿಗೆ ನಿಜಕ್ಕೂ ಬೇಸರವಾಯಿತು.

ಸೋಮವಾರ ಕಾಲೇಜಿಗೆ ಒಯ್ದರಾಯಿತೆಂದು ಶನಿವಾರ ನಡುಮನೆಯಲ್ಲಿ ತೂಗುಹಾಕಿದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಯಲ್ಲದಕೆರೆಯಿಂದ ನಮ್ಮ ಅವ್ವ ಬಂದಳು. ಊಟಕ್ಕೆ ಕೂತವಳು ತಲೆಯೆತ್ತಿ ನೋಡಿ ತಟ್ಟೆ ಸರಿಸಿಬಿಟ್ಟಳು.

"ಬಸವಣ್ಣನ್ನ ಇರಿಯೋ ದೇವ್ರ ಮುಂದೆ ಕುಂತು ನಾನು ಉಣ್ಣಲ್ಲ ಕಣಪ್ಪ. ಸಾಯಂಕಾಲದ ಬಸ್ಸಿಗೆ ಹೊಳ್ಳಿ ಹೋಗ್ತೀನಿ."

ಅಷ್ಟಕ್ಕೆ ಸುಮ್ಮನಿದ್ದರೆ ನಾನು ಮೇಷ್ಟ್ರು ಹೇಗಾದೇನು? ಅದು ಕೊಲೆಯಲ್ಲ, ಆ ನೆತ್ತರಿನಿಂದಲೇ ಬೆಳೆ ಹುಟ್ಟಿತೆಂದು ಪಂಡಿತರು ಊಹಿಸುತ್ತಾರೆ ಎಂದೆಲ್ಲ ವಿವರಿಸತೊಡಗಿದೆ. "ರೀ, ಪಾಠ ಆಮೇಲೆ ಮಾಡೀರಂತೆ, ಮೊದ್ಲು ಅದನ್ನ ಇಳಿಸ್ರಿ" ಎಂದಳು ಗಿರಿಜೆ. ಸ್ಟೂಲು ಹತ್ತಿದೆ.

"ತಡಿಯೋ" ಎಂದು ಅವ್ವ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು. "ಇವ್ನು ಅತ್ಲಾಗೆ ಯಾಕೆ ನೋಡ್ತಾನೆ?"

ನಿಜ. ಮಿತ್ರಾಸ್ ಹೋರಿಯನ್ನು ನೋಡುತ್ತಿಲ್ಲ. ಕತ್ತು ಹಿಂದಕ್ಕೆ ಹೊರಳಿದೆ. "ಸೂರ್ಯನ ಅಪ್ಪಣೆಗೆ ಕಾಯ್ತಿದಾನೆ ಅಂತಾರವ್ವ" ಎಂದೆ.

"ಅಲ್ಲ. ನೋಡಾಕಾಗ್ದೆ ಮುಖ ತಿರುಗಿಸ್ಯಾನೆ. ನಿಮ್ಮಪ್ಪನೂ ಹಿಂಗೇ ಮಾಡಿದ್ರು, ಕೆಂಚ ಹೋದ ದಿನ."

ಕೆಂಚ ನಮ್ಮ ಎತ್ತು. ನನಗೆ ಎಂಟು ವರ್ಷವಿದ್ದಾಗ ಕೊಟ್ಟಿಗೆಯಿಂದ ಕಾಣೆಯಾದ. ಮಾಡದಕೆರೆಯ ಸೋದರಮಾವನಿಗೆ ಕೊಟ್ಟಿದ್ದೇವೆ ಎಂದಿದ್ದರು. ರಜೆಗೆ ಅಲ್ಲಿಗೆ ಹೋದಾಗಲೆಲ್ಲ ಮಾವ, "ಕೆಂಚ ಹೊಲಕ್ಕೆ ಹೋಗ್ಯಾನೆ ಕಣೋ" ಎನ್ನುತ್ತಿದ್ದ. ಮೂರು ಬೇಸಿಗೆ ಅವನು ಹೊಲದಲ್ಲೇ ಇದ್ದ. ಎಂಥ ದುಡಿಮೆಯ ಎತ್ತು ಎಂದು ನಾನು ನನ್ನ ಮಕ್ಕಳಿಗೂ ಹೇಳಿದ್ದೇನೆ.

"ಮಾರಿಕಣಿವೆ ದಾರ್ಯಾಗೆ ಗುಂಡಿಗೆ ಬಿದ್ದು ಹಿಂಗಾಲು ಮುರ್ಕಂಡಿತ್ತು" ಎಂದಳು ಅವ್ವ. "ಎರಡು ದಿನ ನರಳ್ತು. ದನದ ಡಾಕ್ಟ್ರು, ಇದು ಇನ್ನು ಏಳಲ್ಲ, ಇಂಜೆಕ್ಷನ್ ಕೊಟ್ಟು ಕಳಿಸಾಣ ಅಂದ್ರು. ನಿಮ್ಮಪ್ಪ ಅದ್ರ ತಲೆ ತೊಡೆ ಮೇಲೆ ಇಟ್ಕಂಡು ಕುಂತಿದ್ರು. ಸೂಜಿ ಚುಚ್ಚೋವಾಗ ಮುಖ ಅತ್ಲಾಗೆ ಮಾಡಿದ್ರು. ಮೂರು ದಿನ ಉಣ್ಲಿಲ್ಲ. ಹುಡ್ಗನಿಗೆ ಹೇಳ್ಬ್ಯಾಡ ಅಂತ ನನ್ ಹತ್ರ ಆಣೆ ಹಾಕಿಸ್ಕಂಡ್ರು."

ಅಪ್ಪ ತೀರಿಕೊಂಡು ವರ್ಷಗಳಾಗಿವೆ. ಅವರ ಕಣ್ಣಲ್ಲಿ ನೀರು ಕಂಡವನಲ್ಲ ನಾನು. ಕಲ್ಲುಮನಸ್ಸಿನವರೆಂದೇ ತಿಳಿದಿದ್ದೆ, ಒಮ್ಮೆ ಜಗಳದಲ್ಲಿ ಎದುರಿಗೇ ಅಂದದ್ದೂ ಉಂಟು. ಆಗಲೂ ಅವರು ಕೆಂಚನ ಮಾತೆತ್ತಲಿಲ್ಲ. ನಾನು ಸ್ಟೂಲಿನ ಮೇಲೆ ಹಾಗೇ ನಿಂತಿದ್ದೆ. "ಇಳಿಯೋ, ಬಿದ್ದೀಯ" ಎಂದಳು ಅವ್ವ. ಚಿತ್ರ ಸುತ್ತಿಟ್ಟ ಮೇಲೆ ಎರಡು ತುತ್ತು ಉಂಡಳು. ಸಾಯಂಕಾಲದ ಬಸ್ಸಿಗೆ ಹೋಗಲಿಲ್ಲ.

ಸೋಮವಾರ ತರಗತಿಯಲ್ಲಿ ಫ್ಲೆಕ್ಸ್ ಬಿಡಿಸಿ, ಕೊಲ್ಲಲೇಬೇಕಾಗಿ ಬಂದವನ ಸಂಕಟ ಆ ಕತ್ತಿನ ಹೊರಳಿಕೆಯಲ್ಲಿದೆ ಎಂದೆ. ನನ್ನ ಸರ್ವೀಸಿನಲ್ಲೇ ಮೊದಲ ಸಲ ಹಿಂದಿನ ಬೆಂಚೂ ಸುಮ್ಮನೆ ಕೇಳಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಇದು ಯಾವ ವಿದ್ವಾಂಸರ ಅಭಿಪ್ರಾಯ?" ಎಂದು ಕೇಳಿದಳು. ಯಲ್ಲದಕೆರೆಯ ಅವ್ವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕೆಮ್ಮಿದೆ. ಅವಳು ಅರ್ಥ ಮಾಡಿಕೊಂಡವಳಂತೆ ನಕ್ಕು, ನೋಟ್ಸಿನಲ್ಲಿ "ನಮ್ಮ ಸರ್ ಅವರ ಅಭಿಪ್ರಾಯ" ಎಂದು ಬರೆದುಕೊಂಡಳು. ನನ್ನ ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ತಿದ್ದಲಿಲ್ಲ.