ಬಾಣಂತಿಯ ಬೆಳವ

ಹೆರಿಗೆಯ ಮನೆಯಲ್ಲಿ ಒಂದು ಗಂಟೂ ಬಿಗಿದಿರಬಾರದು, ಒಂದು ಬೀಗವೂ ಹಾಕಿರಬಾರದು, ಆಗಲೇ ನೋವು ಸಡಿಲವಾಗುವುದು ಎಂದು ಜಾವಾದ ಮುದುಕಿಯರು ಹೇಳುತ್ತಾರೆ. ಸುಪಾರ್ದಿಯ ಅತ್ತೆ ಬರೀ ಹೇಳುವವಳಲ್ಲ, ಮಾಡಿಸಿಯೇ ತೀರುವವಳು. ಬೆಳಿಗ್ಗೆ ಮಗಳು ವಾಗಿರಾಳಿಗೆ ಚೊಚ್ಚಲ ಹೆರಿಗೆಯ ನೋವು ಕಾಣಿಸಿಕೊಂಡದ್ದೇ ತಡ, ಅಳಿಯನನ್ನು ಕೆಲಸಕ್ಕೆ ಹಚ್ಚಿದಳು.

ಸುಪಾರ್ದಿ ಬಾಗಿಲು, ಕಿಟಕಿ, ಪೆಟ್ಟಿಗೆ, ಡಬ್ಬಿ ಎಲ್ಲ ತೆರೆದ. ಅಕ್ಕಿ ಮೂಟೆಯ ಬಾಯಿ ಬಿಚ್ಚಿದ. ಕೋಳಿಗಳು ಪಂಕ್ತಿಗೆ ಕೂತವು. ಮೇಕೆಯ ಹಗ್ಗ ಬಿಚ್ಚಿದ. ಅದು ನೆಟ್ಟಗೆ ಪಕ್ಕದ ಮನೆಯ ಕಾರ್ತೋನ ಮರಗೆಣಸಿನ ಹಿತ್ತಲಿಗೆ ನುಗ್ಗಿತು. ಜಗಳಕ್ಕೆ ಬಂದ ಕಾರ್ತೋ ವಿಷಯ ತಿಳಿದು ಮೆತ್ತಗಾದ. ಆದರೆ ಸುಪಾರ್ದಿಯ ಸೊಂಟವನ್ನೇ ದಿಟ್ಟಿಸಿ, ಲುಂಗಿಯ ಗಂಟೊಂದು ಯಾಕೆ ಉಳಿಯಿತು ಎಂದು ಕೇಳಿದ. ಆಮೇಲಿನ ಕೆಲಸವನ್ನೆಲ್ಲ ಸುಪಾರ್ದಿ ಒಂದೇ ಕೈಯಲ್ಲಿ ಮಾಡಬೇಕಾಯಿತು.

ಒಳಗೆ ಸೂಲಗಿತ್ತಿ ಸಾಕಿನೆಮ್ ವಾಗಿರಾಳ ಸೊಂಟಕ್ಕೆ ಬಿಸಿ ಬಟ್ಟೆ ಒತ್ತುತ್ತಿದ್ದಳು, ಬೆನ್ನು ನೀವುತ್ತಿದ್ದಳು, ಕೈಹಿಡಿದು ಓಡಾಡಿಸುತ್ತಿದ್ದಳು. ಆದರೂ ಹೆಂಡತಿ ನರಳಿದಾಗಲೆಲ್ಲ ಸುಪಾರ್ದಿ ಇನ್ನೇನು ಬಿಚ್ಚುವುದು ಎಂದು ಸುತ್ತ ಹುಡುಕುತ್ತಿದ್ದ.

"ಇನ್ನೂ ಏನೋ ಮುಚ್ಚಿದೆ, ಅಳಿಯಪ್ಪ," ಎಂದಳು ಅತ್ತೆ, ಸೂರಿನತ್ತ ನೋಡುತ್ತ.

ಸೂರಿಗೆ ತೂಗುಹಾಕಿದ್ದ ಪಂಜರದಲ್ಲಿ ಅವನ ಬೆಳವದ ಹಕ್ಕಿ ಕೂಗುತ್ತಿತ್ತು. ಮರಿಯಿದ್ದಾಗಿನಿಂದ ಸಾಕಿದ್ದು. ಅಂಥ ಕಂಠ ಊರಲ್ಲೇ ಇನ್ನೊಂದಿರಲಿಲ್ಲ. ಸುಪಾರ್ದಿ ಕಿವುಡನಂತೆ ನಿಂತ. ವಾಗಿರಾ ಮತ್ತೆ ನರಳಿದಳು. ಹಾಳಾಗಲಿ, ಹೆಂಡತಿಗಿಂತ ಹಕ್ಕಿ ಹೆಚ್ಚೇ ಎಂದುಕೊಂಡು ಪಂಜರದ ಬಾಗಿಲು ತೆರೆದೇಬಿಟ್ಟ. ಹಕ್ಕಿ ತಿರುಗಿಯೂ ನೋಡದೆ ಹಾರಿಹೋಯಿತು.

ಸ್ವಲ್ಪ ಹೊತ್ತಿಗೆಲ್ಲ ವಾಗಿರಾ ಕಿಟಾರನೆ ಚೀರಿದಳು. ಸಾಕಿನೆಮ್ ಕಿಟಕಿಗೆ ಬಂದಳು.

"ಹಕ್ಕಿ ಯಾಕಪ್ಪ ಸುಮ್ನಾಯ್ತು? ಅದು ಕೂಗಿದಂಗೆ ಉಸಿರು ಬಿಡು ಅಂತ ಹೇಳ್ಕೊಟ್ಟು ಬೆಳಗಿಂದ ಅವಳ ನೋವು ತಡೆಸ್ತಾ ಇದೀನಿ. ಹೆಂಗಾದ್ರೂ ಕೂಗ್ಸು."

ಸುಪಾರ್ದಿ ಖಾಲಿ ಪಂಜರ ನೋಡಿದ. ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, "ಹೂರ್ ಕೆತೆಕ್ಕುಕ್, ಹೂರ್ ಕೆತೆಕ್ಕುಕ್" ಎಂದು ಶುರುಮಾಡಿದ. ನಗಲು ಬಾಯಿ ತೆರೆದ ಕಾರ್ತೋ, ಅತ್ತೆಯ ಕಣ್ಣು ಕಂಡು ತಾನೂ ಹಿಮ್ಮೇಳಕ್ಕೆ ಕೂತ. ಒಳಗಿನ ಚೀರಾಟ ನಿಧಾನವಾಗಿ ಇಳಿದು ಉದ್ದನೆಯ ಉಸಿರಾಯಿತು. ಸಂಜೆಗೆ ಮಗು ಅತ್ತಿತು; ಅಪ್ಪನೂ ಅತ್ತ.

ಅವನು ಒಳಗೆ ಹೋದಾಗ ವಾಗಿರಾ ಸುಸ್ತಾಗಿದ್ದರೂ ನಗುತ್ತಿದ್ದಳು. "ನಿಮ್ಮ ಹಕ್ಕಿ ಇಲ್ದಿದ್ರೆ ನಾನು ತಡೀತಿರಲಿಲ್ಲ ಕಣ್ರೀ. ಕೊನೆಕೊನೆಗೆ ಪಾಪ, ಗಂಟಲು ಕಟ್ಟಿತ್ತು. ಆದ್ರೂ ನಿಲ್ಲಿಸ್ಲಿಲ್ಲ. ತನ್ನಿ ಇಲ್ಲಿ, ಮಗಳಿಗೆ ತೋರಿಸೋಣ."

ನಿಜ ಹೇಳಿಬಿಡೋಣವೆಂದು ಸುಪಾರ್ದಿ ಬಾಯಿ ತೆರೆದ. ಕೂಗಿ ಕೂಗಿ ಕೆಟ್ಟ ಗಂಟಲಿನಿಂದ ಹೊರಟದ್ದು ಒಂದೇ ಶಬ್ದ: "ಕುಕ್."

ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಯಿತು. ಅತ್ತೆಗೆ ಅಷ್ಟು ಸಾಕಾಯಿತು. ತೊಟ್ಟಿಲ ಪಕ್ಕ ಅಳಿಯನಿಗೊಂದು ಚಾಪೆ ಹಾಸಿದಳು.